ಬಿಳಿ ಎಲ್ಲಿಂದ ಬರುತ್ತದೆ? ತಗಡಿನ ಮೇಲಿನ ಚಿತ್ರ ಕೊಳ್ಳುವ ಮುಂಚೆ

ಅಕ್ಕನ ಮನೆ ರಾಯಚೂರಿನಲ್ಲಿ. ಹೊಸದಾಗಿ ಕಟ್ಟಿಸಿದ್ದು. ಗೃಹಪ್ರವೇಶ ಮುಗಿದು, ನೆಂಟರೆಲ್ಲ ಹೊರಟು, ಬಾಗಿಲಿನ ಮಾವಿನ ತೋರಣ ಒಣಗಿದ ಮೇಲೆ ನೋಡಿದರೆ ಪಡಸಾಲೆಯ ದೊಡ್ಡ ಗೋಡೆ ಬೋಳಾಗಿ ನಿಂತಿತ್ತು. ಅಲ್ಲಿ ಗಡಿಯಾರ ಬೇಡ, ಪ್ಲಾಸ್ಟಿಕ್ ಹೂವಿನ ಬಳ್ಳಿಯೂ ಬೇಡ ಅಂದಳು ಅಕ್ಕ. ಕಾಲೇಜಿನಲ್ಲಿದ್ದಾಗ ಯಾವುದೋ ಪುಸ್ತಕದಲ್ಲಿ ಕಂಡಿದ್ದ ಡಚ್ ಕಲಾವಿದ ಮೊಂಡ್ರಿಯಾನನ ಚಿತ್ರ ಅವಳ ತಲೆಯಲ್ಲಿ ಕೂತಿತ್ತು. ಬಿಳಿ ಹಿನ್ನೆಲೆ, ಕಪ್ಪು ಪಟ್ಟಿಗಳು, ನಡುವೆ ಒಂದು ಕೆಂಪು ಚೌಕ, ಮೂಲೆಯಲ್ಲಿ ಚೂರು ನೀಲಿ, ಚೂರು ಹಳದಿ. ಆನ್‌ಲೈನ್‌ನಲ್ಲಿ ಹುಡುಕಿ 'ಮೆಟಲ್ ಪ್ರಿಂಟ್' ಅಂತ ಇದ್ದದ್ದನ್ನು, ಅಂದರೆ ಅಲ್ಯೂಮಿನಿಯಂ ತಗಡಿನ ಮೇಲೆ ಅಚ್ಚಾದ ಚಿತ್ರವನ್ನು, ತರಿಸಿದಳು.

ಪಾರ್ಸೆಲ್ ಬಿಚ್ಚುವ ದಿನ ನಾನೂ ಬಳ್ಳಾರಿಯಿಂದ ಹೋಗಿದ್ದೆ. ಥರ್ಮಾಕೋಲ್ ತೆಗೆದು ಗೋಡೆಗೆ ಒರಗಿಸಿದೆವು. ಕೆಂಪು ಚೆನ್ನಾಗಿತ್ತು, ನೀಲಿಯಂತೂ ಇನ್ನೂ ಚೆನ್ನಾಗಿತ್ತು. ಆದರೆ ಬಿಳಿ ಇರಬೇಕಾದ ಕಡೆಯೆಲ್ಲ ಬೂದು ಬೆಳ್ಳಿ ಬಣ್ಣ. ಉಜ್ಜಿದ ಅಲ್ಯೂಮಿನಿಯಂ ಪಾತ್ರೆಯ ತಳ ಇರುತ್ತದಲ್ಲ, ಹಾಗೆ. ಅದರೊಳಗೆ ಮೇಲಿನ ಫ್ಯಾನು ತಿರುಗುತ್ತಿತ್ತು.

"ಏ ತಮ್ಮಾ, ಇದರಾಗ ಬಿಳೀನ ಇಲ್ಲಲ್ಲೋ" ಅಂದಳು ಅಕ್ಕ.

ಮಾರಿದವರು ಸುಳ್ಳು ಹೇಳಿರಲಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಕ್ಲಿಯರ್ ಗ್ಲಾಸ್' (clear gloss) ಅಂತ ಬರೆದಿದ್ದರು. ಆ ಎರಡು ಪದಕ್ಕೆ ಏನು ಅರ್ಥ ಅಂತ ನಮಗೆ ಗೊತ್ತಿರಲಿಲ್ಲ, ಅಷ್ಟೇ. ಆಮೇಲೆ ನಾನು ಇದರ ಬೆನ್ನು ಹತ್ತಿದೆ. ಹತ್ತಾರು ಪ್ರಶ್ನೆ ಕೇಳಬೇಕಾಗಿಲ್ಲ, ಒಂದನ್ನು ಕೇಳಿದರೆ ಮುಕ್ಕಾಲು ವಿಷಯ ಬಯಲಾಗುತ್ತದೆ ಅಂತ ತಿಳಿಯಿತು: ಈ ಚಿತ್ರದಲ್ಲಿ ಬಿಳಿ ಎಲ್ಲಿಂದ ಬರುತ್ತದೆ?

ಎಣ್ಣೆ ಬಣ್ಣದಲ್ಲಿ ಬರೆಯುವವನಿಗೆ ಬಿಳಿಯೂ ಒಂದು ಬಣ್ಣ. ಟ್ಯೂಬಿನಿಂದ ಹಿಂಡಿ, ಬ್ರಷ್ಷಿನಿಂದ ಬಳಿಯುತ್ತಾನೆ. ಮೊಂಡ್ರಿಯಾನ್ ತನ್ನ ಬಿಳಿಯನ್ನು ಪದರ ಪದರವಾಗಿ, ಒಂದೊಂದು ಚೌಕದಲ್ಲಿ ಒಂದೊಂದು ದಿಕ್ಕಿಗೆ ಬ್ರಷ್ ಎಳೆದು ಬಳಿದವನು. ಕಾಗದದ ಮೇಲೆ ಅಚ್ಚು ಹಾಕುವವನಿಗೆ ಮಾತ್ರ ಬಿಳಿ ಶಾಯಿ ಬೇಕಿಲ್ಲ, ಕಾಗದವೇ ಬಿಳಿ. ಬಿಳಿ ಬೇಕಾದ ಕಡೆ ಏನೂ ಹಾಕದೆ ಬಿಟ್ಟರಾಯಿತು. ತಗಡಿನ ಮೇಲೂ ನಡೆಯುವುದು ಇದೇ. ಆದರೆ ತಗಡು ಬಿಳಿ ಅಲ್ಲವಲ್ಲ, ತೊಂದರೆ ಶುರುವಾಗುವುದು ಅಲ್ಲಿ.

ಈ ಕೆಲಸ ಹತ್ತಿರದಿಂದ ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ಹುಟ್ಟುಹಬ್ಬಕ್ಕೆ ಮಗ್ ಮೇಲೆ ಫೋಟೊ ಹಾಕಿಕೊಡುವ ಅಂಗಡಿಗೆ ಹೋಗಿ ನಿಂತರೆ ಸಾಕು. ಬಳ್ಳಾರಿಯಲ್ಲಿ ನಾನು ಹಾಗೇ ನಿಂತು ನೋಡಿದೆ. ಹುಡುಗ ಮೊದಲು ಫೋಟೊವನ್ನು ಉಲ್ಟಾ ಮಾಡಿ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ, ಒಂದು ವಿಶೇಷ ಕಾಗದದ ಮೇಲೆ ಪ್ರಿಂಟ್ ತೆಗೆದ. ಕಾಗದದ ಮೇಲೆ ಬಣ್ಣ ಸಪ್ಪೆಯಾಗಿತ್ತು, ಒಗೆದು ಒಗೆದು ಮಾಸಿದ ಸೀರೆಯ ಹಾಗೆ. ಅದನ್ನು ಬಿಳಿ ಮಗ್‌ಗೆ ಸುತ್ತಿ, ಟೇಪು ಹಚ್ಚಿ, ಕಾದ ಪ್ರೆಸ್‌ನೊಳಗೆ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ 'ಬೀಪ್' ಅಂತು. ಕಾಗದ ಸುಲಿದರೆ ಒಳಗೆ ಬಣ್ಣ ಝಗ್ ಅಂತ ಎದ್ದು ನಿಂತಿತ್ತು.

ಇದನ್ನೇ ಸಬ್ಲಿಮೇಶನ್ ಅನ್ನುತ್ತಾರೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ 'ಉತ್ಪತನ' ಅಂತ ಓದಿರುತ್ತೀರಿ. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಕರಗಿ ನೀರಾಗದೆ, ಸುಮ್ನೆ ಸಣ್ಣಗಾಗುತ್ತಾ ಹೋಗುತ್ತದೆ ಅಲ್ವಾ? ಗಟ್ಟಿ ಇದ್ದದ್ದು ನೇರ ಆವಿ. ಇಲ್ಲಿನ ಬಣ್ಣವೂ ಹಾಗೆಯೇ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿಗೆ ಆವಿಯಾಗಿ, ಎದುರಿನ ಪಾಲಿಮರ್ ಲೇಪನದೊಳಗೆ ಇಳಿದು, ತಣ್ಣಗಾದಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಬಣ್ಣ ಮೇಲೆ ಕೂತಿರುವುದಿಲ್ಲ, ಒಳಗಿರುತ್ತದೆ. ಬೆರಳಾಡಿಸಿದರೆ ಏನೂ ತಾಗುವುದಿಲ್ಲ. ಲೇಪನ ಇಲ್ಲದ ಬರೀ ತಗಡಿಗೆ ಈ ಬಣ್ಣ ಹಿಡಿಯುವುದೇ ಇಲ್ಲ. ನಮ್ಮ ಬಳ್ಳಾರಿಯ ಜೀನ್ಸ್ ಬಟ್ಟೆಗೂ ಹಿಡಿಯುವುದಿಲ್ಲ, ಅದು ಹತ್ತಿ. ಹುಡುಗರ ಕ್ರಿಕೆಟ್ ಜೆರ್ಸಿ ಪಾಲಿಯೆಸ್ಟರ್ ಆದ್ದರಿಂದ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಈ ಸಬ್ಲಿಮೇಶನ್‌ನಲ್ಲಿ ಬಿಳಿ ಶಾಯಿ ಅನ್ನುವುದೇ ಇಲ್ಲ. ಮಗ್‌ನಲ್ಲಿ ಬಿಳಿ ಬಂದದ್ದು ಮಗ್‌ನಿಂದ. ತಗಡಿನಲ್ಲಾದರೆ ಎರಡು ದಾರಿ. ಒಂದು, ತಗಡಿಗೆ ಮೊದಲೇ ಬಿಳಿ ಬಣ್ಣ ಹೊಡೆದು ಅದರ ಮೇಲೆ ಲೇಪನ ಕೊಟ್ಟಿರುತ್ತಾರೆ. ಇದನ್ನು ವೈಟ್ ಗ್ಲಾಸ್, ವೈಟ್ ಮ್ಯಾಟ್ ಅಂತ ಕರೆಯುತ್ತಾರೆ. ಇಲ್ಲಿ ಗ್ಲಾಸ್ ಅಂದರೆ ಗಾಜಲ್ಲ, ಹೊಳಪಿನ ಮೈ; ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಇನ್ನೊಂದು, ಬಿಳಿ ಹೊಡೆಯದೆ ತಗಡಿನ ಮೇಲೆ ನೇರವಾಗಿ ಪಾರದರ್ಶಕ ಲೇಪನ. ಇದು ಕ್ಲಿಯರ್. ಇದರಲ್ಲಿ ಬಿಳಿ ಬರಬೇಕಾದ ಕಡೆ ತಗಡೇ ಕಾಣುತ್ತದೆ. ಅಕ್ಕನಿಗೆ ಬಂದದ್ದು ಇದು. ರಷ್ಯದ ಮಾಲೆವಿಚ್ 1918ರಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಚೌಕ ಬರೆದ. ಅದನ್ನು ಯಾರಾದರೂ ಕ್ಲಿಯರ್ ತಗಡಿನ ಮೇಲೆ ಹಾಕಿಸಿದರೆ ಹೆಚ್ಚುಕಮ್ಮಿ ಬರೀ ತಗಡನ್ನೇ ಗೋಡೆಗೆ ಹಾಕಿಕೊಂಡ ಹಾಗೆ.

ಹಾಗಂತ ಕ್ಲಿಯರ್ ಕೆಟ್ಟದ್ದಲ್ಲ. ಆಸ್ಟ್ರಿಯದ ಗುಸ್ತಾವ್ ಕ್ಲಿಮ್ಟ್‌ನ 'ದಿ ಕಿಸ್' ನೋಡಿ. 1907-08ರ ಚಿತ್ರ, ವಿಯೆನ್ನಾದ ಮ್ಯೂಸಿಯಂ ಬೆಲ್ವೆಡೆರ್‌ನಲ್ಲಿದೆ. ಎಣ್ಣೆ ಬಣ್ಣದ ಜೊತೆ ಚಿನ್ನದ ರೇಕು ಅಂಟಿಸಿ ಮಾಡಿದ್ದು. ಕಾಗದದ ಮೇಲೆ ಆ ಚಿನ್ನ ಬರೀ ಅರಿಶಿನ ಕಂದು ಆಗಿ ಸಾಯುತ್ತದೆ. ಕ್ಲಿಯರ್ ತಗಡಿನ ಮೇಲೆ ಹಳದಿ ಬಣ್ಣದ ಹಿಂದಿನಿಂದ ಲೋಹ ಹೊಳೆಯುವುದರಿಂದ ಒಂದಿಷ್ಟು ಚಿನ್ನದ ಮಿನುಗು ಬರುತ್ತದೆ, ನೀವು ಅತ್ತಿತ್ತ ನಡೆದರೆ ಅದೂ ಬದಲಾಗುತ್ತದೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದ ಚಿತ್ರಗಾರರು ಮರದ ಮೂರ್ತಿಗಳ ಒಡವೆಗೆ ಲಾಜವಾರ ಅನ್ನುವ ಪದ್ಧತಿ ಬಳಸುತ್ತಾರೆ. ತವರವನ್ನು ಅಂಟಿನಲ್ಲಿ ಅರೆದು, ಬಳಿದು, ನುಣ್ಣನೆ ಕಲ್ಲಿನಿಂದ ಉಜ್ಜಿ ಲೋಹದ ಹೊಳಪು ತರಿಸುತ್ತಾರೆ. ಮೂರ್ತಿಗೆ ಪೂರ್ತಿ ಬಳಿಯುವುದಿಲ್ಲ. ಲೋಹ ಎಲ್ಲಿ ಹೊಳೆಯಬೇಕು, ಎಲ್ಲಿ ಬೇಡ ಅನ್ನುವ ಲೆಕ್ಕ ಅವರ ಕೈಯಲ್ಲಿದೆ. ಕ್ಲಿಯರ್ ತಗಡಿಗೆ ಆ ಲೆಕ್ಕ ಗೊತ್ತಿಲ್ಲ, ತಿಳಿ ಬಣ್ಣ ಇದ್ದ ಕಡೆಯೆಲ್ಲ ಹೊಳೆದುಬಿಡುತ್ತದೆ. ಕ್ಲಿಮ್ಟ್‌ನ ಚಿತ್ರದಲ್ಲೂ ಆ ಹೆಣ್ಣಿನ ಮುಖ, ತೋಳು ಒಂಚೂರು ಬೆಳ್ಳಿಯಾಗಿ ಕಾಣಬಹುದು. ಅದು ನಿಮಗೆ ಒಪ್ಪಿಗೆಯೋ ಇಲ್ಲವೋ, ಮೊದಲೇ ಯೋಚಿಸಿ.

ಮೆಟಲ್ ಪ್ರಿಂಟ್ ಅನ್ನುವ ಹೆಸರಿನಲ್ಲಿ ಇನ್ನೆರಡು ಸರಕು ಓಡಾಡುತ್ತವೆ. ಒಂದು ಯುವಿ (ಅತಿನೇರಳೆ ಕಿರಣದ) ಪ್ರಿಂಟ್. ಫ್ಲೆಕ್ಸ್, ಬೋರ್ಡು ಮಾಡುವವರ ಹತ್ತಿರ ಈ ಯಂತ್ರ ಇರುತ್ತದೆ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟಿನ ಮೇಲೆ ನೇರವಾಗಿ ಶಾಯಿ ಚಿಮುಕಿಸಿ, ಯುವಿ ದೀಪದಿಂದ ಅಲ್ಲೇ ಗಟ್ಟಿ ಮಾಡುತ್ತದೆ. ಇದರಲ್ಲಿ ಬಿಳಿ ಶಾಯಿ ಹಾಕುವ ಯಂತ್ರಗಳೂ ಇವೆ. ಬಣ್ಣಕ್ಕೆ ಆ ಆಳ, ಆ ಹೊಳಪು ಇರುವುದಿಲ್ಲ, ಆದರೆ ಬಿಸಿಲು ತಡೆಯುವುದರಲ್ಲಿ ವಾಸಿ. ಇನ್ನೊಂದು, ಎಸಿಪಿ ಶೀಟಿಗೆ ವಿನೈಲ್ ಸ್ಟಿಕರ್ ಅಂಟಿಸಿ ಕೊಡುವುದು. ಇದನ್ನು ಮೆಟಲ್ ಪ್ರಿಂಟ್ ಅನ್ನುವುದು ಜಾಸ್ತಿಯೇ ಆಯಿತು. ಗುರುತು ಹಿಡಿಯುವುದು ಸುಲಭ. ಅಂಚಿಗೆ ಉಗುರು ತಾಗಿಸಿ. ಸ್ಟಿಕರ್ ಆದರೆ ಸಿಪ್ಪೆಯ ಹಾಗೆ ಉಗುರಿಗೆ ಸಿಗುತ್ತದೆ. ಅಂಚನ್ನು ಪಕ್ಕದಿಂದ ನೋಡಿ. ಎರಡು ತೆಳು ತಗಡಿನ ನಡುವೆ ಪ್ಲಾಸ್ಟಿಕ್ ತುಂಬಿದ್ದರೆ ಎಸಿಪಿ. ಇಡಿಯಾಗಿ ಒಂದೇ ಲೋಹ, ಒಂದು ಮಿಲಿಮೀಟರ್‌ಗಿಂತ ಚೂರು ದಪ್ಪ ಇದ್ದರೆ ಸಬ್ಲಿಮೇಶನ್ ತಗಡು ಇರಬಹುದು.

ನಮ್ಮ ಊರಿನವರು ಕೇಳುವ ಮೊದಲ ಪ್ರಶ್ನೆ ಬೇರೆ. "ಈ ಬಿಸಿಲಿಗೆ ತಗಡು ತಡೀತದೇನು?" ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುವುದು ಮಾಮೂಲು, ಹಾಗಾಗಿ ಪ್ರಶ್ನೆ ನ್ಯಾಯವಾದದ್ದೇ. 36 ಇಂಚಿನ ಅಲ್ಯೂಮಿನಿಯಂ ತಗಡು 30 ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಸುಮಾರು 0.6 ಮಿಲಿಮೀಟರ್. ಸೊಟ್ಟ ಆಗುವ ಮಾತೇ ಇಲ್ಲ. 200 ಡಿಗ್ರಿಯಲ್ಲಿ ಹುಟ್ಟಿದ ಬಣ್ಣಕ್ಕೆ ನಮ್ಮ 43 ಡಿಗ್ರಿ ಯಾವ ಲೆಕ್ಕ? ಅದನ್ನು ಕೊಲ್ಲುವುದು ಕಾವಲ್ಲ, ಬೆಳಕು. ಬಿಸಿಲಿನ ಯುವಿ ಕಿರಣ ದಿನಾ ಬಿದ್ದರೆ ಸಬ್ಲಿಮೇಶನ್ ಬಣ್ಣ ವರ್ಷ ಕಳೆದ ಹಾಗೆ ಮಂಕಾಗುತ್ತದೆ. ಆದ್ದರಿಂದ ಸಂಜೆ ಬಿಸಿಲು ನೇರ ಬಂದು ಬೀಳುವ ಗೋಡೆಗೆ, ಜಗಲಿಗೆ ಇದು ಬೇಡ. ಕಾವಿನಿಂದ ಕೆಡುವುದು ಒಂದೇ, ಹಿಂದಿನ ಅಂಟು. ಚಿತ್ರ ಗೋಡೆಯಿಂದ ಒಂದು ಬೆರಳು ಮುಂದೆ ತೇಲಿದಂತೆ ಕಾಣಲಿ ಅಂತ ತಗಡಿನ ಬೆನ್ನಿಗೆ ಮರದ ಅಥವಾ ಲೋಹದ ಪಟ್ಟಿ ಅಂಟಿಸಿರುತ್ತಾರೆ. ಅಗ್ಗದ ಡಬಲ್ ಟೇಪ್ ಆದರೆ ಕಾದ ಗೋಡೆಯ ಮೇಲೆ ನಿಧಾನಕ್ಕೆ ಜಾರುತ್ತದೆ. ಬೆನ್ನಿನ ಫೋಟೊ ಕಳಿಸಿ ಅಂತ ಕೇಳಿ. ಕಳಿಸದಿದ್ದರೆ ಬೇರೆ ಕಡೆ ಹೋಗಿ.

ಭಾರದ ಚಿಂತೆ ಬೇಡ. 24 × 36 ಇಂಚಿನ ತಗಡು ಎರಡು ಕೆಜಿಯೊಳಗೇ ಇರುತ್ತದೆ. ಅದೇ ಅಳತೆಯ ಗಾಜಿನ ಫ್ರೇಮಿನಲ್ಲಿ 2 ಮಿಲಿಮೀಟರ್ ಗಾಜು ಒಂದೇ ಸುಮಾರು 2.8 ಕೆಜಿ ತೂಗುತ್ತದೆ.

ಇನ್ನು ಹೊಳಪು. ಗ್ಲಾಸ್ ಚೆನ್ನೋ ಮ್ಯಾಟ್ ಚೆನ್ನೋ ಅಂತ ಆನ್‌ಲೈನ್ ಫೋಟೊ ನೋಡಿ ಹೇಳಲು ಬರುವುದಿಲ್ಲ. ನಾನು ಒಂದು ಉಪಾಯ ಹೇಳುತ್ತೇನೆ. ಸಂಜೆ ದೀಪ ಹಾಕಿದ ಮೇಲೆ ಅಡುಗೆಮನೆಯಿಂದ ಒಂದು ಹೊಸ ಸ್ಟೀಲ್ ತಟ್ಟೆ ತಂದು ಚಿತ್ರ ಬರುವ ಜಾಗದಲ್ಲಿ ಗೋಡೆಗೆ ಒತ್ತಿ ಹಿಡಿಯಿರಿ. ಮನೆಯವರನ್ನು ಸೋಫಾದ ಮೇಲೆ ಕೂರಿಸಿ. ತಟ್ಟೆಯಲ್ಲಿ ಅವರಿಗೆ ಏನು ಕಾಣುತ್ತದೋ ಗ್ಲಾಸ್ ಚಿತ್ರದಲ್ಲೂ ಅದೇ ಕಾಣುತ್ತದೆ. ಟ್ಯೂಬ್‌ಲೈಟ್ ಕಂಡರೆ, ಕಿಟಕಿ ಕಂಡರೆ ಮ್ಯಾಟ್ ತಗೊಳ್ಳಿ. ಅಕ್ಕನ ಮನೆಯಲ್ಲಿ ಆ ತಟ್ಟೆಯಲ್ಲಿ ಟಿವಿ ಪೂರ್ತಿ ಕಂಡಿತು. ಅದರಲ್ಲೇ ಸುದ್ದಿ ನೋಡಬಹುದು ಅಂದರು ಮಾವ.

ಗಾಢ ಬಣ್ಣದ, ಕತ್ತಲೆ ಜಾಸ್ತಿ ಇರುವ ಚಿತ್ರಕ್ಕೆ ಗ್ಲಾಸ್ ಒಂದು ಆಳ ಕೊಡುತ್ತದೆ, ನಿಜ. ಆದರೆ ವ್ಯಾನ್ ಗೋನಂಥವರ ಚಿತ್ರದಲ್ಲಿ ಬಣ್ಣ ಗಾರೆ ಮೆತ್ತಿದ ಹಾಗೆ ಉಬ್ಬಿ ನಿಂತಿರುತ್ತದೆ. ಆ ಉಬ್ಬಿನ ನೆರಳು ಚಿತ್ರದಲ್ಲಿ ಕಾಣುತ್ತದೆ, ತಗಡು ಮಾತ್ರ ಕನ್ನಡಿಯಂತೆ ಚಪ್ಪಟೆ. ನನ್ನ ಕಣ್ಣಿಗೆ ಅದು ಹೊಂದುವುದಿಲ್ಲ. ಇಂಥ ಚಿತ್ರಕ್ಕೆ ಕ್ಯಾನ್ವಾಸ್ ವಾಸಿ. ಮೊಂಡ್ರಿಯಾನ್, ಕ್ಯಾಂಡಿನ್‌ಸ್ಕಿ, ಪೌಲ್ ಕ್ಲೀ, ಸಪಾಟು ಬಣ್ಣದ ಮಾಟಿಸ್, ಇವರಿಗೆ ತಗಡು ಸರಿ. ನಿಮ್ಮ ಕಣ್ಣು ಬೇರೆ ಹೇಳಬಹುದು.

ಈಗ ಫೈಲು. ದುಡ್ಡು ದಂಡವಾಗುವುದು ಜಾಸ್ತಿ ಇಲ್ಲೇ. ತಗಡು ಎಷ್ಟೇ ಒಳ್ಳೆಯದಿರಲಿ, ಕೊಟ್ಟ ಫೈಲಿಗಿಂತ ಚೆನ್ನಾಗಿ ಬರುವುದಿಲ್ಲ. ಒಂದು ಇಂಚಿಗೆ ಕನಿಷ್ಠ 150 ಚುಕ್ಕೆ (ಪಿಕ್ಸೆಲ್) ಇರಲಿ, 300 ಇದ್ದರೆ ಇನ್ನೂ ಒಳ್ಳೆಯದು. 24 × 36 ಇಂಚಿಗೆ 150ರಂತೆ ಲೆಕ್ಕ ಹಾಕಿದರೆ 3600 × 5400 ಪಿಕ್ಸೆಲ್ ಬೇಕು. ಉದ್ದದಲ್ಲಿ 1600 ಪಿಕ್ಸೆಲ್ ಇರುವ ಚಿತ್ರವನ್ನು 36 ಇಂಚಿಗೆ ಎಳೆದರೆ ಇಂಚಿಗೆ 44 ಚುಕ್ಕೆ, ಅಷ್ಟೇ. ಗೂಗಲ್‌ನಲ್ಲಿ ಸಿಕ್ಕ ಚಿತ್ರವನ್ನು ಅಂಗಡಿಯವನಿಗೆ ವಾಟ್ಸಾಪ್ ಮಾಡಿ 'ದೊಡ್ಡದು ಮಾಡಿ ಹಾಕು' ಅನ್ನುವುದು ಆಗದ ಮಾತು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿಯೇ ಕಳಿಸುತ್ತದೆ. ಕಳಿಸಲೇಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಒಳ್ಳೆಯ ಫೈಲು ಬಿಟ್ಟಿಯಾಗಿಯೇ ಸಿಗುತ್ತದೆ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಲಕ್ಷಾಂತರ ಕೃತಿಗಳ ದೊಡ್ಡ ಫೋಟೊಗಳನ್ನು ಯಾರು ಬೇಕಾದರೂ ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟಿತು. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಕೂಡ ಕಾಪಿರೈಟ್ ಮುಗಿದ ಸಾವಿರಾರು ಚಿತ್ರಗಳನ್ನು ಹೀಗೇ ಕೊಡುತ್ತದೆ. ಚುಕ್ಕೆ ಚುಕ್ಕೆ ಇಟ್ಟು ಬರೆದ ಫ್ರೆಂಚ್ ಕಲಾವಿದ ಸ್ಯುರಾನ 'ಲಾ ಗ್ರಾಂದ್ ಜಾತ್' ದ್ವೀಪದ ಭಾನುವಾರದ ಚಿತ್ರ ಇರುವುದು ಅಲ್ಲೇ. ಮ್ಯೂಸಿಯಂ ಫೈಲಿನಿಂದ ಇನ್ನೊಂದು ಲಾಭ ಇದೆ. ಒಂದೇ ಚಿತ್ರ ಇಂಟರ್‌ನೆಟ್‌ನಲ್ಲಿ ಹತ್ತು ಬಣ್ಣದಲ್ಲಿ ಸಿಗುತ್ತದೆ, ಒಂದು ಕಡೆ ಹಸಿರು, ಒಂದು ಕಡೆ ನೀಲಿ. ಮೂಲ ಚಿತ್ರವನ್ನು ಎದುರಿಗಿಟ್ಟುಕೊಂಡು ತೆಗೆದ ಫೋಟೊವೇ ಹೆಚ್ಚು ನಂಬಿಕೆಗೆ ಅರ್ಹ, ಅಲ್ವಾ?

ಅಳತೆಯ ವಿಷಯದಲ್ಲೂ ಒಂದು ಕತ್ತರಿ ಅಡಗಿದೆ. ವ್ಯಾನ್ ಗೋನ 'ಸ್ಟಾರಿ ನೈಟ್' 1889ರದ್ದು, 73.7 × 92.1 ಸೆಂಟಿಮೀಟರ್. ಅಂದರೆ ಸುಮಾರು 29 × 36 ಇಂಚು. ಅಂಗಡಿಯಲ್ಲಿ ಸಿಗುವ ಸಿದ್ಧ ಅಳತೆ 24 × 36. ಅಗಲ ಸರಿಹೋಯಿತು ಅಂತ ಒಪ್ಪಿಕೊಂಡರೆ ಎತ್ತರದಲ್ಲಿ ಐದು ಇಂಚು ಕತ್ತರಿಸಿ ಹೋಗುತ್ತದೆ, ಹತ್ತಿರ ಹತ್ತಿರ ಆರರಲ್ಲಿ ಒಂದು ಪಾಲು. ಒಂದೋ ಮೇಲಿನ ಆಕಾಶ, ಇಲ್ಲವೋ ಕೆಳಗಿನ ಊರು. ಕ್ಲಿಮ್ಟ್‌ನ 'ದಿ ಕಿಸ್' ಅಂತೂ ಪಕ್ಕಾ ಚೌಕ, 180 × 180 ಸೆಂಟಿಮೀಟರ್. ಅದನ್ನು ಉದ್ದಕ್ಕೆ ಕತ್ತರಿಸಿ ಮಾರುವವರೂ ಇದ್ದಾರೆ. ಮೂಲದ ಅಳತೆ ನೋಡಿ, ಅದೇ ಪ್ರಮಾಣದಲ್ಲಿ ತಗಡು ಕತ್ತರಿಸಿ ಕೊಡುತ್ತೀರಾ ಅಂತ ಕೇಳಿ.

ಹಕ್ಕಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರದ್ದು. 1890ರಲ್ಲಿ ತೀರಿದ ವ್ಯಾನ್ ಗೋ, 1906ರ ರಾಜಾ ರವಿವರ್ಮ, 1941ರ ಅಮೃತಾ ಶೇರ್‌ಗಿಲ್, 1944ರ ಮೊಂಡ್ರಿಯಾನ್, 1954ರ ಮಾಟಿಸ್, ಇವರೆಲ್ಲರದ್ದು ಮುಗಿದಿದೆ. ಜಾಮಿನಿ ರಾಯ್ ತೀರಿದ್ದು 1972ರಲ್ಲಿ, ಹಾಗಾಗಿ 2032ರ ಕೊನೆಯವರೆಗೆ ಇದೆ. ಪಿಕಾಸೊದು 2033. ನಮ್ಮವರೇ ಆದ ಕೆ.ಕೆ. ಹೆಬ್ಬಾರ್ 1996ರಲ್ಲಿ ತೀರಿದರು, 2056ರವರೆಗೆ ಇದೆ. 2016ರಲ್ಲಿ ತೀರಿದ ಕಲಾವಿದ ಎಸ್.ಎಚ್. ರಜಾ ಅವರ ಬಿಂದು ಚಿತ್ರಗಳ ಮೇಲಿನ ಹಕ್ಕು 2076ರವರೆಗೆ. ಇವರ ಚಿತ್ರ ಬೇಕೆಂದರೆ ಹಕ್ಕುದಾರರ ಒಪ್ಪಿಗೆ ಇರುವ ಪ್ರಿಂಟನ್ನೇ ಕೊಳ್ಳಬೇಕು. ಎಂ.ಎಫ್. ಹುಸೇನರ ಕುದುರೆಯ ಚಿತ್ರವನ್ನು ಯಾವನೋ ಅಗ್ಗಕ್ಕೆ ಕೊಡುತ್ತಾನೆ ಅಂದರೆ ಅದು ಕದ್ದ ಕುದುರೆ.

ನಕಲು ಅಂದ ಕೂಡಲೇ ಮೂಗು ಮುರಿಯುವವರಿಗೆ ಒಂದು ಮಾತು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚಿನ ಪ್ರೆಸ್ ಶುರು ಮಾಡಿ ತನ್ನ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಗೆ ಕಳಿಸಿದ. ನಮ್ಮ ಅಜ್ಜಿ ದಿನಾ ಕುಂಕುಮ ಹಚ್ಚುತ್ತಿದ್ದ ಲಕ್ಷ್ಮಿಯೂ ಅಂಥದೇ ಅಚ್ಚಿನ ಪಟ. ಗಾಜಿನ ಹಿಂದೆ ಅರ್ಧ ಮಾಸಿಹೋಗಿತ್ತು, ಅಜ್ಜಿಗೆ ಅದೇನೂ ಅಡ್ಡಿಯಾಗಲಿಲ್ಲ.

ಪಾರ್ಸೆಲ್ ಬಂದಾಗ ಮೊದಲು ನಾಲ್ಕು ಮೂಲೆ ನೋಡಿ. ತಗಡಿನ ಮೂಲೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ, ಬಡಿದರೆ ಲೇಪನ ಬಿರಿಯುತ್ತದೆ. ಬಿಚ್ಚುವಾಗಲೇ ವಿಡಿಯೊ ತೆಗೆದಿಟ್ಟರೆ ವಾಪಸ್ ಮಾಡುವ ಜಗಳ ಕಡಿಮೆ. ತೂಗು ಹಾಕಿದ ಮೇಲೆ ಧೂಳು. ನಮ್ಮ ಕಡೆಯ ಧೂಳಿನಲ್ಲಿ ಮರಳಿದೆ, ಗಣಿ ಕಡೆಯದಾದರೆ ಅದಿರೂ ಇದೆ. ಒಣ ಬಟ್ಟೆಯಿಂದ ಗಸಗಸ ಒರೆಸಿದರೆ ಗ್ಲಾಸ್ ಮೇಲೆ ಕೂದಲೆಳೆ ಗೀರು ಬೀಳುತ್ತವೆ. ಮೊದಲು ಮೆತ್ತನೆ ಬ್ರಷ್ಷಿನಿಂದ ಧೂಳು ಉದುರಿಸಿ, ಆಮೇಲೆ ಒದ್ದೆ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರು ಬೇಡ, ಆರಿದರೆ ಬಿಳಿ ಕಲೆ ಕೂರುತ್ತದೆ. ಕುಡಿಯುವ ಕ್ಯಾನ್ ನೀರು ಒಂದು ಲೋಟ ಸಾಕು.

ಅಕ್ಕ ಮತ್ತೆ ತರಿಸಿದಳು. ಈ ಸಲ ವೈಟ್ ಮ್ಯಾಟ್, ಮೂಲದ ಪ್ರಮಾಣದಲ್ಲೇ ಕತ್ತರಿಸಿದ್ದು. ಅದಕ್ಕೂ ಮುಂಚೆ ಅದೇ ಫೈಲಿನ ಒಂದು ತುಂಡನ್ನು ಅಂಗೈ ಅಗಲದ ತಗಡಿನ ಮೇಲೆ ಹಾಕಿಸಿಕೊಂಡು ನೋಡಿದ್ದಳು. ಸ್ಯಾಂಪಲ್‌ಗೆ ಸ್ವಲ್ಪ ದುಡ್ಡು ಹೋಯಿತು. ಹಳೆಯ ಬೆಳ್ಳಿ ಮೊಂಡ್ರಿಯಾನ್ ಎಸೆಯಲು ಮನಸ್ಸು ಬರಲಿಲ್ಲ, ದೇವರ ಮನೆಯ ಎದುರಿನ ಓಣಿಗೆ ಹೋಯಿತು. ಸಂಜೆ ದೀಪ ಹಚ್ಚಿದಾಗ ಬಿಳಿ ಇರಬೇಕಾದ ಜಾಗದಲ್ಲೆಲ್ಲ ದೀಪದ ಕೆಂಪು ಅಲ್ಲಾಡುತ್ತದೆ. ಪಡಸಾಲೆಯ ಹೊಸದಕ್ಕಿಂತ ಇದೇ ಚೆಂದ ಅದ ಅನ್ನುತ್ತಾರೆ ಮಾವ. ಅಕ್ಕ ಒಪ್ಪುವುದಿಲ್ಲ.